ಬೆಡ್ಲಮ್ ನಿಂತಿದ್ದು ಸರಿಯಾ? ಒಂದೇ ರಾಜ್ಯದ ಎರಡು ಕಾಲೇಜು ಪ್ರತಿವರ್ಷ ಆಡಲೇಬೇಕಾ?

ಪ್ರಶ್ನೆ: ನಮ್ಮೂರು ಹಾಸನದ ಹತ್ತಿರ. ಈಗ ಒಕ್ಲಹೋಮ ರಾಜ್ಯದ ಟಲ್ಸಾದಲ್ಲಿ ಇದ್ದೇವೆ. ಮಗಳು ನಾರ್ಮನ್‌ನ ಯೂನಿವರ್ಸಿಟಿ ಆಫ್ ಒಕ್ಲಹೋಮದಲ್ಲಿ ಓದು ಮುಗಿಸಿದಳು. ಮಗ ಸ್ಟಿಲ್‌ವಾಟರ್‌ನ ಒಕ್ಲಹೋಮ ಸ್ಟೇಟ್ ಸೇರಿದ್ದಾನೆ. ಅವಳು ಓದುವಾಗ ಪ್ರತಿವರ್ಷ ಈ ಎರಡು ಕಾಲೇಜಿನ ನಡುವೆ ಬೆಡ್ಲಮ್ ಅಂತ ಕರೆಯುವ ಫುಟ್‌ಬಾಲ್ ಪಂದ್ಯ ಇರುತ್ತಿತ್ತು. ಇವನು ಸೇರುವಷ್ಟರಲ್ಲಿ ನಿಂತುಹೋಗಿದೆ. ಅಕ್ಕ ತಮ್ಮ ಇಬ್ಬರೂ ಇದೇ ವಿಷಯಕ್ಕೆ ಊಟದ ಹೊತ್ತಿನಲ್ಲಿ ವಾದ ಮಾಡುತ್ತಾರೆ. ಒಂದೇ ರಾಜ್ಯದ ಕಾಲೇಜುಗಳು ಪ್ರತಿವರ್ಷ ಆಡಲೇಬೇಕು ಅನ್ನುವುದು ಸರಿಯಾ, ಅಥವಾ ಇದು ಬರೀ ಹಳೇ ಅಭ್ಯಾಸವಾ? ಮಗ ಓದು ಮುಗಿಸುವುದರೊಳಗೆ ಇದು ಮತ್ತೆ ಶುರುವಾಗಬಹುದಾ?

ಉತ್ತರ:

ನಮಸ್ಕಾರ. ಮೊದಲೇ ಹೇಳಿಬಿಡ್ತೀನಿ, ನನ್ನ ಉತ್ತರ ಹೌದು. ಪ್ರತಿವರ್ಷ ಆಡಬೇಕು. ಎಲ್ಲ ಜೋಡಿಗೂ ಈ ಮಾತು ಹೊಂದುವುದಿಲ್ಲ, ಅದನ್ನು ಆಮೇಲೆ ಹೇಳ್ತೀನಿ. ಆದರೆ ನಿಮ್ಮ ಮನೆಯ ಜಗಳದ ಜೋಡಿಗೆ ಖಂಡಿತ ಹೊಂದುತ್ತೆ. ನಾನು ಬಹಳ ವರ್ಷಗಳಿಂದ ಈ ಆಟ ನೋಡುತ್ತಾ, ಇದರ ಬಗ್ಗೆ ಬರೆಯುತ್ತಾ ಬಂದವನು. ಬೆಡ್ಲಮ್ ನಿಂತಿದ್ದು ನನಗೆ ಈಗಲೂ ಬೇಜಾರಿನ ವಿಷಯ.

ಊರಿನಲ್ಲಿ ಕೂತು ಓದುವವರಿಗೆ ಒಂದು ಮಾತು. ಇದು ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ. ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆಯಾಕಾರದ ಚೆಂಡನ್ನು ಎತ್ತಿಕೊಂಡು ಓಡುವ ಅಮೆರಿಕದ ಆಟ. ಅಲ್ಲಿ ಕಾಲೇಜು ತಂಡದ ಪಂದ್ಯಕ್ಕೆ 80 ಸಾವಿರ ಜನ ಸೇರುವುದು ಮಾಮೂಲಿ. ಒಂದು ಸೀಸನ್‌ಗೆ ಒಂದು ತಂಡಕ್ಕೆ ಸಿಗುವುದು 12 ಪಂದ್ಯ ಮಾತ್ರ. ಈ 12 ಅನ್ನುವ ಸಂಖ್ಯೆ ನೆನಪಿಟ್ಟುಕೊಳ್ಳಿ, ಎಲ್ಲ ಗಲಾಟೆಯ ಮೂಲ ಅದೇ.

ನಾರ್ಮನ್ ಮತ್ತು ಸ್ಟಿಲ್‌ವಾಟರ್ ತಂಡಗಳು ಮೊದಲ ಸಲ ಆಡಿದ್ದು 1904ರ ನವೆಂಬರ್‌ನಲ್ಲಿ, ಗಥ್ರಿ ಅನ್ನುವ ಊರಿನಲ್ಲಿ. ಆಗ ಒಕ್ಲಹೋಮ ಇನ್ನೂ ರಾಜ್ಯವೇ ಆಗಿರಲಿಲ್ಲ. ರಾಜ್ಯ ಆಗಿದ್ದು 1907ರಲ್ಲಿ. ಅಂದರೆ ಈ ಪಂದ್ಯ ಆ ರಾಜ್ಯಕ್ಕಿಂತ ಮೂರು ವರ್ಷ ದೊಡ್ಡದು. ಅವತ್ತು ಕೊರೆಯುವ ಚಳಿ, ಜೋರು ಗಾಳಿ. ಒದ್ದ ಚೆಂಡು ಗಾಳಿಗೆ ಹಿಂದಕ್ಕೆ ಹಾರಿ ಮೈದಾನದ ಪಕ್ಕದ ಕಾಟನ್‌ವುಡ್ ಹೊಳೆಗೆ ಬಿತ್ತು. ಚೆಂಡು ಆಟದಲ್ಲೇ ಇದೆ ಅಂತ ಎರಡೂ ಕಡೆಯ ಹುಡುಗರು ಆ ತಣ್ಣನೆಯ ನೀರಿಗೆ ಧುಮುಕಿದರು. ನಾರ್ಮನ್ ಹುಡುಗನ ಕೈಗೆ ಚೆಂಡು ಸಿಕ್ಕಿತು, ಅದನ್ನೂ ಪಾಯಿಂಟ್ ಅಂತ ಲೆಕ್ಕ ಹಾಕಿದರು. ಪಂದ್ಯ 75–0. ನೂರಿಪ್ಪತ್ತು ವರ್ಷ ಆದರೂ ಆ ಕಡೆಯವರು ಹೊಳೆಗೆ ಹಾರಿದ ಕಥೆಯನ್ನು ನಿನ್ನೆ ನಡೆದ ಹಾಗೆ ಹೇಳುತ್ತಾರೆ.

1910ರಿಂದ ಒಂದು ವರ್ಷವೂ ತಪ್ಪದೆ ನಡೆದುಕೊಂಡು ಬಂತು. ಎರಡು ಮಹಾಯುದ್ಧ ಬಂದು ಹೋದವು, ಆದರೂ ಆಡಿದರು. ಕೋವಿಡ್ ವರ್ಷ 2020ರಲ್ಲೂ ಆಡಿದರು. ಯುದ್ಧಕ್ಕೂ ರೋಗಕ್ಕೂ ನಿಲ್ಲದ ಪಂದ್ಯವನ್ನು ನಿಲ್ಲಿಸಿದ್ದು ಕಾನ್ಫರೆನ್ಸ್ ಬದಲಾವಣೆ. ಕಾನ್ಫರೆನ್ಸ್ ಅಂದರೆ ತಮ್ಮತಮ್ಮಲ್ಲೇ ಹೆಚ್ಚಿನ ಪಂದ್ಯ ಆಡಿಕೊಳ್ಳುವ ಕಾಲೇಜುಗಳ ಗುಂಪು. 2021ರ ಜುಲೈನಲ್ಲಿ ಒಕ್ಲಹೋಮ ಮತ್ತು ಟೆಕ್ಸಾಸ್ ವಿಶ್ವವಿದ್ಯಾಲಯಗಳು ಬಿಗ್ 12 ಕಾನ್ಫರೆನ್ಸ್ ಬಿಟ್ಟು ಎಸ್‌ಇಸಿ ಅನ್ನುವ ಇನ್ನೊಂದು ಕಾನ್ಫರೆನ್ಸ್‌ಗೆ ಹೋಗ್ತೀವಿ ಅಂದವು. ಹಣ ಅಲ್ಲಿ ಜಾಸ್ತಿ, ಹೆಸರೂ ಅಲ್ಲಿ ಜಾಸ್ತಿ. 2024ರ ಜುಲೈ 1ಕ್ಕೆ ಹೋದವು. ಒಕ್ಲಹೋಮ ಸ್ಟೇಟ್ ಹಳೇ ಮನೆಯಲ್ಲೇ ಉಳಿಯಿತು.

ಕೊನೇ ಪಂದ್ಯ 2023ರ ನವೆಂಬರ್ 4, ಸ್ಟಿಲ್‌ವಾಟರ್‌ನಲ್ಲಿ. ಸ್ಟೇಟ್ 27–24ರಲ್ಲಿ ಗೆದ್ದಿತು. ಮುಗಿದ ತಕ್ಷಣ ಕಿತ್ತಳೆ ಅಂಗಿಯ ಸ್ಟೇಟ್ ಅಭಿಮಾನಿಗಳು ಮೈದಾನಕ್ಕೆ ನುಗ್ಗಿ ಗೋಲ್‌ಪೋಸ್ಟ್ ಕಿತ್ತರು. ಒಟ್ಟು 118 ಪಂದ್ಯದಲ್ಲಿ ಅವರಿಗೆ ಅದು ಬರೀ 20ನೇ ಗೆಲುವು. ನಾರ್ಮನ್‌ನವರು ಗೆದ್ದಿದ್ದು 91, ಸಮ ಆಗಿದ್ದು 7.

ಈ ಲೆಕ್ಕ ನೋಡಿದ ಕೂಡಲೇ ಜನ ಒಂದು ಮಾತು ಕೇಳುತ್ತಾರೆ. ನಿಮ್ಮ ಮಗಳೂ ಕೇಳಿರಬಹುದು. 91ಕ್ಕೆ 20 ಅಂದಮೇಲೆ ಇದು ಪೈಪೋಟಿ ಹೇಗೆ ಆಗುತ್ತೆ? ಸೋಲುವವರಿಗೆ ಪ್ರತಿವರ್ಷ ಸೋಲಿಸಿಕೊಳ್ಳುವ ಆಸೆ ಯಾಕೆ?

ನಾನು ಇದನ್ನು ಉಲ್ಟಾ ನೋಡ್ತೀನಿ. ಆ 20 ಗೆಲುವು ಯಾವುವು ಅಂತ ಸ್ಟಿಲ್‌ವಾಟರ್‌ನ ಯಾವ ಹಳೇ ವಿದ್ಯಾರ್ಥಿಯನ್ನಾದರೂ ಕೇಳಿ. 2011ರದ್ದು ಹೇಳ್ತಾರೆ, 44–10, ಅವತ್ತೇ ಮೊದಲ ಸಲ ಬಿಗ್ 12 ಗೆದ್ದಿದ್ದು. 2014ರದ್ದು ಹೇಳ್ತಾರೆ, ಟೈರೀಕ್ ಹಿಲ್ ಇನ್ನೇನು ಪಂದ್ಯ ಮುಗಿಯಿತು ಅನ್ನುವಾಗ ಎದುರಾಳಿ ದೂರಕ್ಕೆ ಒದ್ದ ಚೆಂಡನ್ನು (ಪಂಟ್) ಹಿಡಿದು 92 ಗಜ ಓಡಿ ಸಮ ಮಾಡಿದ್ದು, ಆಮೇಲೆ ಹೆಚ್ಚುವರಿ ಸಮಯದಲ್ಲಿ 38–35ಕ್ಕೆ ಗೆದ್ದಿದ್ದು. ಸೋತ ಪಂದ್ಯವನ್ನೂ ಅಷ್ಟೇ ಪ್ರೀತಿಯಿಂದ ಹೇಳ್ತಾರೆ. 1988ರಲ್ಲಿ ಬ್ಯಾರಿ ಸ್ಯಾಂಡರ್ಸ್ 215 ಗಜ ಓಡಿದರೂ 31–28ಕ್ಕೆ ಸೋತಿದ್ದು, 2017ರಲ್ಲಿ 52 ಪಾಯಿಂಟ್ ಹೊಡೆದೂ 62 ಹೊಡೆಸಿಕೊಂಡು ಸೋತಿದ್ದು. ಅಪರೂಪಕ್ಕೆ ಸಿಗುವ ಗೆಲುವಿಗೆ ಅಷ್ಟು ಬೆಲೆ ಬರುವುದೇ ಪ್ರತಿವರ್ಷ ಎದುರಾಗುವುದರಿಂದ. ಮುಂದಿನ ವರ್ಷ ಇದೆ ಅನ್ನುವ ಧೈರ್ಯ ಇರುವುದರಿಂದ. ಆ ಮುಂದಿನ ವರ್ಷವನ್ನೇ ಕಿತ್ತುಕೊಂಡರೆ 91–20 ಅನ್ನುವುದು ಕಲ್ಲಿನಲ್ಲಿ ಕೆತ್ತಿದ ಹಾಗೆ ಉಳಿದುಬಿಡುತ್ತೆ, ಅಲ್ವಾ?

ಇನ್ನು ಅವರು ಯಾಕೆ ಆಡುತ್ತಿಲ್ಲ ಅನ್ನುವುದಕ್ಕೆ ಬರೋಣ. ಎರಡು ಕಡೆಯೂ ಒಂದೊಂದು ಕಾರಣ ಇದೆ. ಎರಡೂ ಸುಳ್ಳಲ್ಲ.

ನಾರ್ಮನ್ ಕಡೆಯದ್ದು ಜಾಗದ ತೊಂದರೆ. 12 ಪಂದ್ಯ ಅಂದೆನಲ್ಲ. 2026ರಿಂದ ಎಸ್‌ಇಸಿಯಲ್ಲಿ 9 ಪಂದ್ಯ ಕಾನ್ಫರೆನ್ಸ್ ಒಳಗೇ ಆಡಬೇಕು. ಬಿಗ್ 12ರಲ್ಲಿ 2011ರಿಂದಲೇ 9. ಉಳಿಯುವುದು 3. ಅದರಲ್ಲಿ ಎರಡನ್ನಾದರೂ ಸ್ವಂತ ಮೈದಾನದಲ್ಲಿ ಸಣ್ಣ ಕಾಲೇಜಿನ ಜತೆ ಆಡಬೇಕು ಅನ್ನುವುದು ಎಲ್ಲ ದೊಡ್ಡ ಕಾಲೇಜುಗಳ ಲೆಕ್ಕ. ಸಣ್ಣ ಕಾಲೇಜಿಗೆ ಹತ್ತು ಲಕ್ಷ ಡಾಲರ್‌ಗೂ ಜಾಸ್ತಿ ಕೊಟ್ಟು ಕರೆಸಿದರೂ ಟಿಕೆಟ್, ಪಾರ್ಕಿಂಗ್, ತಿಂಡಿ ಅಂಗಡಿ ಸೇರಿ ಅದರ ಮೇಲೆ ಲಾಭ ಬರುತ್ತೆ. ಉಳಿಯುವುದು ಒಂದೇ ಒಂದು ಜಾಗ. ಅದಕ್ಕೆ ಅವರು ಮಿಷಿಗನ್‌ನಂಥ ದೊಡ್ಡ ಹೆಸರನ್ನು ತರುತ್ತಾರೆ. 2025ರಲ್ಲಿ ಮಿಷಿಗನ್ ನಾರ್ಮನ್‌ಗೆ ಬಂತು, ಒಕ್ಲಹೋಮ 24–13ಕ್ಕೆ ಗೆದ್ದಿತು. ದೇಶಕ್ಕೆ ದೇಶವೇ ನೋಡಿತು. ಇಂಥ ಪಂದ್ಯ ಬೇಡ ಅನ್ನುವುದಕ್ಕೆ ನನಗೂ ಮನಸ್ಸು ಬರಲ್ಲ.

ಆದರೆ ಜಾಗ ಇಲ್ಲ ಅನ್ನುವ ಮಾತು ನಾನು ಪೂರ್ತಿ ಒಪ್ಪಲ್ಲ. ಯಾಕೆ ಅಂದರೆ ಅದೇ ಎಸ್‌ಇಸಿಯಲ್ಲಿ ಇರುವ ನಾಲ್ಕು ಕಾಲೇಜುಗಳು ಬೇರೆ ಕಾನ್ಫರೆನ್ಸ್‌ನಲ್ಲಿರುವ ತಮ್ಮ ರಾಜ್ಯದ ಎದುರಾಳಿಯ ಜತೆ ಪ್ರತಿವರ್ಷ ಆಡುತ್ತವೆ. ಜಾರ್ಜಿಯಾಗೆ ಜಾರ್ಜಿಯಾ ಟೆಕ್ ಇದೆ. ಫ್ಲೋರಿಡಾಗೆ ಫ್ಲೋರಿಡಾ ಸ್ಟೇಟ್ ಇದೆ. ಕೆಂಟಕಿಗೆ ಲೂಯಿವಿಲ್, ಸೌತ್ ಕ್ಯಾರೊಲಿನಾಗೆ ಕ್ಲೆಮ್ಸನ್. 9 ಪಂದ್ಯದ ನಿಯಮ ತರುವಾಗ ಎಸ್‌ಇಸಿ ಇನ್ನೊಂದನ್ನೂ ಹೇಳಿದೆ: ಹೊರಗಿನ ದೊಡ್ಡ ಕಾನ್ಫರೆನ್ಸ್‌ನ ಒಂದು ತಂಡದ ಜತೆಗಾದರೂ ಆಡಲೇಬೇಕು. ಬಿಗ್ 12 ಅಂಥ ದೊಡ್ಡ ಕಾನ್ಫರೆನ್ಸ್‌ಗಳಲ್ಲಿ ಒಂದು. ಅಂದರೆ ಆ ಒಂದು ಜಾಗ ಒಕ್ಲಹೋಮ ಸ್ಟೇಟ್‌ಗೆ ಸರಿಯಾಗಿ ಹೊಂದುತ್ತೆ. ಜಾರ್ಜಿಯಾದವರು ರಾಷ್ಟ್ರ ಚಾಂಪಿಯನ್ ಆದ ವರ್ಷಗಳಲ್ಲೂ ಜಾರ್ಜಿಯಾ ಟೆಕ್ ಜತೆ ಆಡಿದ್ದಾರೆ. ಅವರಿಗೆ ಆಗಿದ್ದು ಇವರಿಗೆ ಯಾಕೆ ಆಗಲ್ಲ?

ಸೋತರೆ ಪ್ಲೇಆಫ್, ಅಂದರೆ ದೇಶದ ಚಾಂಪಿಯನ್ ಯಾರು ಅಂತ ತೀರ್ಮಾನ ಮಾಡುವ ಕೊನೇ ಸುತ್ತುಗಳು, ಕೈತಪ್ಪುತ್ತೆ ಅನ್ನುವ ಹೆದರಿಕೆಯೂ ಇದೆ. ಪ್ಲೇಆಫ್‌ಗೆ ನಾಲ್ಕೇ ತಂಡ ಇದ್ದಾಗ ಆ ಹೆದರಿಕೆಗೆ ಅರ್ಥ ಇತ್ತು. 2024ರಿಂದ 12 ತಂಡ. ಅದೇ ವರ್ಷ ನವೆಂಬರ್ 30ಕ್ಕೆ ಒಹಾಯೊ ಸ್ಟೇಟ್ ತನ್ನದೇ ಮೈದಾನದಲ್ಲಿ ಬದ್ಧ ಎದುರಾಳಿ ಮಿಷಿಗನ್‌ಗೆ 13–10ಕ್ಕೆ ಸೋತಿತು. ಗೆಲ್ಲಲೇಬೇಕಾಗಿದ್ದ ಪಂದ್ಯ, ಮರ್ಯಾದೆ ಹೋದ ಸೋಲು. ಏಳು ವಾರದ ಮೇಲೆ ನೋಟರ್ ಡೇಮ್ ತಂಡವನ್ನು 34–23ಕ್ಕೆ ಸೋಲಿಸಿ ಅದೇ ತಂಡ ದೇಶಕ್ಕೆ ಚಾಂಪಿಯನ್ ಆಯಿತು. ಒಂದು ಸೋಲಿಗೆ ಈಗ ಅಷ್ಟೊಂದು ಹೆದರಬೇಕಾಗಿಲ್ಲ.

ಸ್ಟಿಲ್‌ವಾಟರ್ ಕಡೆಯ ಕಾರಣ ಬೇರೆ. ಅದು ನೋವಿನದ್ದು. ಅವರ ಕೋಚ್ ಆಗಿದ್ದ ಮೈಕ್ ಗಂಡಿ ಅದನ್ನು ಮುಚ್ಚುಮರೆ ಇಲ್ಲದೆ ಹೇಳುತ್ತಿದ್ದರು: ಬಿಟ್ಟು ಹೋಗಿದ್ದು ಅವರು, ಪಂದ್ಯ ನಿಂತಿದ್ದು ಅದರಿಂದ. ಗಂಡಿ ಹೊರಗಿನವರಲ್ಲ. ಆ 1988ರ 31–28 ಪಂದ್ಯದಲ್ಲಿ ಸ್ಟೇಟ್‌ಗೆ ಕ್ವಾರ್ಟರ್‌ಬ್ಯಾಕ್ ಆಗಿ, ಅಂದರೆ ಚೆಂಡು ಎಸೆದು ಆಟ ನಡೆಸುವವರಾಗಿ, ಆಡಿದ್ದವರೇ ಅವರು. ನೂರು ವರ್ಷ ಜತೆಗಿದ್ದು, ಜಾಸ್ತಿ ದುಡ್ಡು ಬಂತು ಅಂತ ಹೊರಟವರ ಹತ್ತಿರ ಹೋಗಿ ನಮ್ಮ ಜತೆ ಆಡ್ತೀರಾ ಅಂತ ಕೇಳುವುದು ಯಾರಿಗೆ ತಾನೇ ಇಷ್ಟ? ನಮ್ಮಲ್ಲೂ ಭಾಗ ಆದ ಮನೆಗಳಲ್ಲಿ ಇದೇ ಆಗುತ್ತೆ. ಹಬ್ಬಕ್ಕೆ ಮೊದಲು ಯಾರು ಕರೆಯಬೇಕು ಅನ್ನುವುದರಲ್ಲೇ ಹತ್ತು ವರ್ಷ ಕಳೆದುಹೋಗುತ್ತೆ.

ಆ ಸಿಟ್ಟು ನನಗೆ ಅರ್ಥ ಆಗುತ್ತೆ. ಆದರೆ ಅದೇ ಸಿಟ್ಟು ಇದ್ದ ಇನ್ನೊಂದು ಕಾಲೇಜು ಏನು ಮಾಡಿತು ನೋಡಿ. 2023ರಲ್ಲಿ ಪ್ಯಾಕ್-12 ಕಾನ್ಫರೆನ್ಸ್ ಒಡೆದುಹೋಯಿತು. ವಾಷಿಂಗ್ಟನ್ ಬಿಗ್ ಟೆನ್‌ಗೆ ಹೊರಟಿತು. ಅದೇ ರಾಜ್ಯದ ವಾಷಿಂಗ್ಟನ್ ಸ್ಟೇಟ್, ಆರಗನ್ ಸ್ಟೇಟ್ ಜತೆ ಖಾಲಿ ಮನೆಯಲ್ಲಿ ಉಳಿಯಿತು. ಬೆಡ್ಲಮ್‌ಗಿಂತ ಕೆಟ್ಟ ಪರಿಸ್ಥಿತಿ ಅದು, ಯಾಕೆ ಅಂದರೆ ಉಳಿದವರಿಗೆ ಕಾನ್ಫರೆನ್ಸೇ ಇಲ್ಲದ ಹಾಗೆ ಆಗಿತ್ತು. ಆದರೂ ಎರಡೂ ಕಡೆಯವರು ಕೂತು ತಮ್ಮ ನಡುವಿನ ಆ್ಯಪಲ್ ಕಪ್ ಪಂದ್ಯವನ್ನು 2028ರವರೆಗೆ ಆಡುವುದಕ್ಕೆ ಒಪ್ಪಂದ ಮಾಡಿಕೊಂಡರು. 2024ರ ಸೆಪ್ಟೆಂಬರ್ 14, ಸಿಯಾಟಲ್. ಆಟ ಮುಗಿಯುವ ಹೊತ್ತು. ವಾಷಿಂಗ್ಟನ್‌ಗೆ ಗೆರೆ ದಾಟುವುದಕ್ಕೆ ಒಂದೇ ಗಜ ಬಾಕಿ, ನಾಲ್ಕನೇ, ಅಂದರೆ ಕೊನೇ ಪ್ರಯತ್ನ. ವಾಷಿಂಗ್ಟನ್ ಸ್ಟೇಟ್ ಹುಡುಗರು ತಡೆದರು. 24–19. ಬಿಟ್ಟು ಹೋದವರನ್ನು ಅವರ ಊರಿನಲ್ಲೇ ಸೋಲಿಸಿದ ದಿನ. ಮುಂದಿನ ವರ್ಷ ಪುಲ್‌ಮನ್‌ನಲ್ಲಿ 59–24ಕ್ಕೆ ಸೋತರು, ಸರಿ. ಆದರೆ ಆಡುವುದೇ ಬೇಡ ಅಂತ ಮುನಿಸಿಕೊಂಡು ಕೂತಿದ್ದರೆ ಆ ಒಂದು ಗಜ ಅವರಿಗೆ ಯಾವತ್ತೂ ಸಿಗುತ್ತಿರಲಿಲ್ಲ.

ಬೇರೆ ಬೇರೆ ಕಾನ್ಫರೆನ್ಸ್‌ನಲ್ಲಿ ಇದ್ದೂ ಆಡಿಕೊಂಡು ಹೋಗುವುದು ಹೇಗೆ ಅಂತ ತಿಳಿಯಬೇಕಾದರೆ ಅಯೋವಾ ರಾಜ್ಯಕ್ಕೆ ಹೋಗಬೇಕು. ಅಯೋವಾ ಬಿಗ್ ಟೆನ್‌ನಲ್ಲಿದೆ, ಅಯೋವಾ ಸ್ಟೇಟ್ ಬಿಗ್ 12ರಲ್ಲಿದೆ. ಇಬ್ಬರಿಗೂ 9 ಕಾನ್ಫರೆನ್ಸ್ ಪಂದ್ಯ, ಇಬ್ಬರಿಗೂ ಉಳಿಯುವುದು 3. ನಾರ್ಮನ್‌ನವರು ಹೇಳುವ ಅದೇ ಲೆಕ್ಕ. ಅವರೂ 1934ರ ಪಂದ್ಯ ಆದಮೇಲೆ 43 ವರ್ಷ ಆಡಿರಲಿಲ್ಲ. 1977ರಲ್ಲಿ ಮತ್ತೆ ಶುರು ಮಾಡಿದರು, ಅವತ್ತು ಅಯೋವಾ 12–10ಕ್ಕೆ ಗೆದ್ದಿತು. ಅಲ್ಲಿಂದ ಕೋವಿಡ್ ವರ್ಷ ಒಂದನ್ನು ಬಿಟ್ಟು ಪ್ರತಿವರ್ಷವೂ ಆಡಿದ್ದಾರೆ, ಹೆಚ್ಚಾಗಿ ಸೆಪ್ಟೆಂಬರ್‌ನಲ್ಲಿ. ಒಂದು ವರ್ಷ ಅಯೋವಾ ಸಿಟಿ, ಒಂದು ವರ್ಷ ಏಮ್ಸ್.

ಒಂದು ಸಲ ನಾನು ಏಮ್ಸ್‌ನಲ್ಲಿ ಈ ಪಂದ್ಯದ ದಿನ ಇದ್ದೆ. ಬೆಳಗ್ಗೆ ಏಳಕ್ಕೇ ಪಾರ್ಕಿಂಗ್ ಜಾಗ ತುಂಬಿತ್ತು. ಕಾರಿನ ಡಿಕ್ಕಿ ತೆಗೆದು, ಮಡಚುವ ಮೇಜು ಹಾಕಿ, ಗ್ರಿಲ್ ಹಚ್ಚಿ, ಹಲಗೆಯ ತೂತಿಗೆ ಸಣ್ಣ ಚೀಲ ಎಸೆಯುವ ಆಟ ಆಡುತ್ತಾ ಕೂತಿದ್ದರು. ಒಂದು ಮೇಜಿನ ಹತ್ತಿರ ಮಾವ ಅಯೋವಾ ಸ್ಟೇಟ್‌ನ ಕಡುಕೆಂಪು ಅಂಗಿ ಹಾಕಿದ್ದರು. ಅವರ ಬೀಗರು ಅಯೋವಾದ ಕಪ್ಪು ಅಂಗಿ. ಗಂಡ ಕೆಂಪು. ಸೊಸೆ ಮಾತ್ರ ಏನೂ ಬರೆಯದ ಹಳದಿ ಅಂಗಿ ಹಾಕಿಕೊಂಡು ಎರಡೂ ಕಡೆಯವರಿಗೆ ಬನ್ ಬಿಸಿ ಮಾಡಿ ಕೊಡುತ್ತಿದ್ದಳು. ನಾನು ಕೇಳಿದೆ. ಎರಡೂ ಕಾಲೇಜಿನ ಬಣ್ಣದಲ್ಲಿ ಹಳದಿ ಇದೆ, ಅದಕ್ಕೆ ಇದು, ಅಂದಳು. ಪಂದ್ಯ ಶುರುವಾಗುವುದಕ್ಕೆ ಅರ್ಧ ಗಂಟೆ ಮೊದಲು ನೋಡಿದರೆ ಆ ಹಳದಿಯ ಮೇಲೆ ಕಪ್ಪು ಸ್ವೆಟರ್ ಬಂದಿತ್ತು. ತವರಿನ ಕಡೆ. ಮಾವ ಅದನ್ನು ನೋಡಿ ತಲೆ ಆಡಿಸುತ್ತಾ ನಕ್ಕರು. ಆ ಮನೆಯವರು ಇದನ್ನು ಪ್ರತಿವರ್ಷ ಮಾಡುತ್ತಾರೆ. ಸುಮ್ನೆ ಒಂದು ಆಟ ಅಂದುಕೊಂಡವರು ಆ ಮೇಜಿನ ಹತ್ತಿರ ಹತ್ತು ನಿಮಿಷ ನಿಲ್ಲಬೇಕು.

ಒಂದೇ ರಾಜ್ಯದ ಪಂದ್ಯ ಬೇರೆಯದಕ್ಕಿಂತ ಬೇರೆ ಆಗುವುದು ಇಲ್ಲೇ. ಮಿಷಿಗನ್‌ನವರು ನಾರ್ಮನ್‌ಗೆ ಬಂದು ಆಡಿ ವಿಮಾನ ಹತ್ತಿ ಹೋಗ್ತಾರೆ. ಸೋಮವಾರ ಬೆಳಗ್ಗೆ ಆಫೀಸಿನಲ್ಲಿ ಅವರು ಯಾರೂ ಸಿಗಲ್ಲ. ಆದರೆ ಟಲ್ಸಾದಲ್ಲಿ ನಿಮ್ಮ ಪಕ್ಕದ ಮನೆಯವರು, ಹಲ್ಲಿನ ಡಾಕ್ಟರು, ಮಕ್ಕಳ ಶಾಲೆಯ ಟೀಚರು, ಇವರಲ್ಲಿ ಅರ್ಧ ಜನ ಕೆಂಪು, ಅರ್ಧ ಜನ ಕಿತ್ತಳೆ. ನಿಮ್ಮ ಮನೆಯಲ್ಲೇ ಎರಡೂ ಇದೆ. ನಾರ್ಮನ್‌ನಿಂದ ಸ್ಟಿಲ್‌ವಾಟರ್‌ಗೆ ಕಾರಿನಲ್ಲಿ ಒಂದೂವರೆ ಗಂಟೆ. ಎರಡೂ ಆ ರಾಜ್ಯದ ಜನರ ತೆರಿಗೆಯಲ್ಲಿ ಬೆಳೆದ ಕಾಲೇಜುಗಳು. ಆ ಜನಕ್ಕೆ ವರ್ಷಕ್ಕೆ ಒಂದು ಶನಿವಾರ ಕೊಡಿ ಅಂತ ಕೇಳುವುದು ದೊಡ್ಡ ಮಾತಲ್ಲ.

ನಿಂತರೂ ಏನಾಗುತ್ತೆ, ಪೈಪೋಟಿ ಎಲ್ಲಿ ಹೋಗುತ್ತೆ, ಮತ್ತೆ ಯಾವತ್ತೋ ಶುರು ಮಾಡಬಹುದು ಅನ್ನುವವರೂ ಇದ್ದಾರೆ. ಅವರ ಮಾತಿಗೂ ಆಧಾರ ಇದೆ. ಅಲಬಾಮಾ ಮತ್ತು ಆಬರ್ನ್ 1907ರಲ್ಲಿ 6–6 ಸಮ ಮಾಡಿಕೊಂಡ ಮೇಲೆ ಆಟಗಾರರ ದಿನದ ಖರ್ಚು ಎಷ್ಟು ಕೊಡಬೇಕು, ತೀರ್ಪುಗಾರರನ್ನು ಎಲ್ಲಿಂದ ಕರೆಸಬೇಕು ಅಂತ ಜಗಳ ಆಡಿ 41 ವರ್ಷ ಮುಖ ನೋಡಲಿಲ್ಲ. 1948ರಲ್ಲಿ ಮತ್ತೆ ಆಡುವ ಮೊದಲು ಎರಡೂ ಕಾಲೇಜಿನ ವಿದ್ಯಾರ್ಥಿ ನಾಯಕರು ಬರ್ಮಿಂಗ್‌ಹ್ಯಾಮ್‌ನ ಒಂದು ಪಾರ್ಕಿನಲ್ಲಿ ಗುಂಡಿ ತೋಡಿ ನಿಜವಾದ ಕೈಗೊಡಲಿಯನ್ನು ಹೂತರು. ಜಗಳ ಮುಗಿಯಿತು ಅನ್ನುವುದಕ್ಕೆ. ಇವತ್ತು ಐರನ್ ಬೌಲ್ ಅಂತ ಕರೆಯುವ ಆ ಪಂದ್ಯ ಅಂದರೆ ಆ ರಾಜ್ಯದಲ್ಲಿ ಮದುವೆ ದಿನಾಂಕವನ್ನೂ ನೋಡಿಕೊಂಡು ಇಡಬೇಕು.

ಟೆಕ್ಸಾಸ್‌ನಲ್ಲೂ ಹಾಗೇ. ಟೆಕ್ಸಾಸ್ ಮತ್ತು ಟೆಕ್ಸಾಸ್ ಎ ಆ್ಯಂಡ್ ಎಂ 1915ರಿಂದ 2011ರವರೆಗೆ ಒಂದು ವರ್ಷವೂ ಬಿಡದೆ ಆಡಿದ್ದವು. 2011ರ ಥ್ಯಾಂಕ್ಸ್‌ಗಿವಿಂಗ್ ರಾತ್ರಿ ಜಸ್ಟಿನ್ ಟಕರ್ ಕೊನೇ ಕ್ಷಣದಲ್ಲಿ 40 ಗಜದಿಂದ ಒದ್ದ ಫೀಲ್ಡ್ ಗೋಲ್‌ನಿಂದ ಟೆಕ್ಸಾಸ್ 27–25ಕ್ಕೆ ಗೆದ್ದಿತು. ಎ ಆ್ಯಂಡ್ ಎಂ ಎಸ್‌ಇಸಿಗೆ ಹೋಯಿತು, ಪಂದ್ಯ ನಿಂತಿತು. 2024ರಲ್ಲಿ ಟೆಕ್ಸಾಸ್ ಕೂಡ ಎಸ್‌ಇಸಿಗೆ ಬಂದ ಮೇಲೆ ಮತ್ತೆ ಆಡಿದರು, ಟೆಕ್ಸಾಸ್ 17–7. ಬಿಸಿ ಒಂದಿಷ್ಟೂ ಆರಿರಲಿಲ್ಲ. ಆ ನಡುವಿನ ಅಷ್ಟೂ ವರ್ಷ ಎರಡೂ ಕಾಲೇಜಿನವರು ತಮ್ಮ ತಮ್ಮ ಹಾಡಿನಲ್ಲಿ ಇನ್ನೊಬ್ಬರ ಹೆಸರು ಹಿಡಿದು ಹಾಡುತ್ತಲೇ ಇದ್ದರು.

ಆದರೆ ನಾನು ಬೇರೆ ಲೆಕ್ಕ ಹಾಕ್ತೀನಿ. 2012ರಿಂದ 2023, ಹನ್ನೆರಡು ಸೀಸನ್. ಓದು ನಾಲ್ಕು ವರ್ಷ. ಅಂದರೆ ಮೂರು ಬ್ಯಾಚ್ ಹುಡುಗ ಹುಡುಗಿಯರು ಸೇರಿ, ಓದಿ, ಹೊರಗೆ ಹೋದರು, ಆ ಪಂದ್ಯವನ್ನು ಒಂದು ಸಲವೂ ನೋಡದೆ. ಹಾಡು ಹಾಡಿದರು, ಎದುರಾಳಿಯನ್ನು ನೋಡಲಿಲ್ಲ. ರಾಜ್ಯಕ್ಕೆ ಪೈಪೋಟಿ ವಾಪಸ್ ಬಂತು, ಅವರಿಗೆ ಬರಲಿಲ್ಲ. ಇಪ್ಪತ್ತರ ವಯಸ್ಸಿನಲ್ಲಿ, ವಿದ್ಯಾರ್ಥಿಗಳ ಸಾಲಿನಲ್ಲಿ ನಿಂತು, ಗಂಟಲು ಕಟ್ಟುವವರೆಗೆ ಕೂಗುವುದನ್ನು ಮೂವತ್ತೆರಡಕ್ಕೆ ಟಿಕೆಟ್ ಕೊಂಡು ಬಂದು ಮಾಡಲಿಕ್ಕೆ ಆಗಲ್ಲ. ನಿಮ್ಮ ಮಗ ಈಗ ಆ ಮೂರು ಬ್ಯಾಚಿನವರ ಜಾಗದಲ್ಲಿ ನಿಂತಿದ್ದಾನೆ.

ಎಲ್ಲ ಪೈಪೋಟಿಯೂ ಉಳಿಯುತ್ತೆ ಅಂತಲೂ ಇಲ್ಲ. ಪೆನ್ಸಿಲ್ವೇನಿಯಾದಲ್ಲಿ ಪಿಟ್ ಮತ್ತು ಪೆನ್ ಸ್ಟೇಟ್ 1893ರಿಂದ ಆಡಿದವರು. 1992ರ ಮೇಲೆ ಪ್ರತಿವರ್ಷ ಆಡುವುದು ನಿಂತಿತು. ನಡುವೆ 1997ರಿಂದ 2000, ಆಮೇಲೆ 2016ರಿಂದ 2019. ಆ 2019ರದ್ದು ಸರಿಯಾಗಿ ನೂರನೇ ಪಂದ್ಯ, ಪೆನ್ ಸ್ಟೇಟ್ 17–10. ನೂರಕ್ಕೆ ನಿಂತುಹೋಯಿತು. ಪಿಟ್ಸ್‌ಬರ್ಗ್‌ನ ಹಳಬರಿಗೆ ಅದು ಈಗಲೂ ದೊಡ್ಡ ವಿಷಯ. ಆದರೆ ಪೆನ್ ಸ್ಟೇಟ್‌ನ ಈಗಿನ ವಿದ್ಯಾರ್ಥಿಗೆ ಒಹಾಯೊ ಸ್ಟೇಟ್ ಪಂದ್ಯದ ಹೊತ್ತಿಗೆ ಬರುವ ಹುಮ್ಮಸ್ಸು ಪಿಟ್ ಹೆಸರಿಗೆ ಬರಲ್ಲ. ಬಿಟ್ಟು ಬಿಟ್ಟು ಆಡಿದರೆ ಹೀಗಾಗುತ್ತೆ.

ಇದು ಕನ್ನಡದವರಿಗೆ ಗೊತ್ತಿಲ್ಲದ ವಿಷಯ ಅಲ್ಲ. ರಣಜಿ ಟ್ರೋಫಿಯಲ್ಲಿ ವಲಯ ಪದ್ಧತಿ ಇದ್ದಾಗ ಕರ್ನಾಟಕಕ್ಕೆ ತಮಿಳುನಾಡು, ಹೈದರಾಬಾದ್ ಪ್ರತಿವರ್ಷ ಎದುರಾಗುತ್ತಿದ್ದವು. ಚೆಪಾಕ್‌ಗೆ ಹೋಗಬೇಕು, ಮುಂದಿನ ವರ್ಷ ಅವರು ಚಿನ್ನಸ್ವಾಮಿಗೆ ಬರಬೇಕು. 2002–03ರಲ್ಲಿ ವಲಯ ತೆಗೆದು ಗುಂಪು ಮಾಡಿದರು. ಕ್ರಿಕೆಟ್ ಗುಣಮಟ್ಟಕ್ಕೆ ಅದು ಒಳ್ಳೆಯದೇ ಇರಬಹುದು. ಆದರೆ ಅವರ ಮೇಲೆ ಆಡುವ ವರ್ಷ ಯಾವುದು ಅಂತ ಚೀಟಿ ಎತ್ತಿದ ಮೇಲೆ ನೋಡಬೇಕಾದ ಪರಿಸ್ಥಿತಿ ಬಂತು. ಹಳೇ ಕಾಲದಲ್ಲಿ ಅಂಥ ಪಂದ್ಯಕ್ಕೆ ರಜೆ ಹಾಕಿ ಹೋಗುತ್ತಿದ್ದವರನ್ನು ನಾನು ಬಲ್ಲೆ.

ಹಾಗಾದರೆ ಎರಡು ವರ್ಷಕ್ಕೊಮ್ಮೆ ಆಡಿದರೆ ಸಾಕಲ್ವಾ ಅಂತ ಕೇಳಬಹುದು. ಶಿರಸಿ ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಮ್ಮೆಯೇ ನಡೆಯುವುದು, ಅದಕ್ಕೆ ಜನ ಕಡಿಮೆ ಇಲ್ಲ. ಇದು ಸರಿಯಾದ ಪ್ರಶ್ನೆ. ಇಲ್ಲಿ ಒಂದು ಲೆಕ್ಕ ಇದೆ. ಪ್ರತಿವರ್ಷ ಆಡಿದರೆ ಒಂದು ವರ್ಷ ಅಲ್ಲಿ, ಒಂದು ವರ್ಷ ಇಲ್ಲಿ. ನಾಲ್ಕು ವರ್ಷ ಓದುವವನಿಗೆ ತನ್ನ ಮೈದಾನದಲ್ಲಿ ಎರಡು ಸಲ ಸಿಗುತ್ತೆ. ವರ್ಷ ಬಿಟ್ಟು ವರ್ಷ ಆಡಿದರೆ ಒಂದೇ ಸಲ. ಅದಕ್ಕಿಂತ ಜಾಸ್ತಿ ಬಿಟ್ಟರೆ ಕೆಲವರಿಗೆ ಒಂದೂ ಇಲ್ಲ. ಹಾಗಾಗಿ ನನ್ನ ಆಸೆ ಪ್ರತಿವರ್ಷ. ತೀರಾ ಆಗಲ್ಲ ಅಂದರೆ ಎರಡು ವರ್ಷಕ್ಕೊಮ್ಮೆ, ಆದರೆ ಶಿರಸಿ ಜಾತ್ರೆಯ ಹಾಗೆ ಗಟ್ಟಿಯಾಗಿ ನಿಗದಿ ಆಗಿರಬೇಕು. ನೋಡೋಣ, ಯಾವಾಗ ಜಾಗ ಸಿಗುತ್ತೋ ಆಗ, ಅನ್ನುವುದಕ್ಕೆ ಮಾತ್ರ ನಾನು ಒಪ್ಪಲ್ಲ.

ಎಲ್ಲ ಜೋಡಿಗೂ ಪ್ರತಿವರ್ಷ ಬೇಡ ಅಂದೆನಲ್ಲ, ಅದಕ್ಕೆ ಉದಾಹರಣೆ ನಿಮ್ಮ ಊರಲ್ಲೇ ಇದೆ. ಟಲ್ಸಾ ವಿಶ್ವವಿದ್ಯಾಲಯ ಖಾಸಗಿ, ಸಣ್ಣದು. ಅದು ಪ್ರತಿವರ್ಷ ದೊಡ್ಡವರ ಜತೆ ಆಡಲೇಬೇಕು ಅಂತ ನಾನು ಹೇಳಲ್ಲ. ಆಗಾಗ ಆಡಿದರೆ ಚೆನ್ನ. ಹಾಗೆ ಆಗಾಗ ಆಡಿದ ಪಂದ್ಯವೂ ಎಷ್ಟು ಬಿಸಿ ಇರುತ್ತೆ ಅಂತ 2025ರ ಸೆಪ್ಟೆಂಬರ್‌ನಲ್ಲಿ ನೋಡಿದಿರಿ. ಟಲ್ಸಾ ಸ್ಟಿಲ್‌ವಾಟರ್‌ಗೇ ಹೋಗಿ 19–12ಕ್ಕೆ ಗೆದ್ದಿತು. ಅದಾದ ನಾಲ್ಕು ದಿನಕ್ಕೆ, 2005ರಿಂದ ಕೋಚ್ ಆಗಿದ್ದ ಗಂಡಿ ಅವರನ್ನು ಕಾಲೇಜು ತೆಗೆಯಿತು.

ಪೈಪೋಟಿ ಅತಿಯಾದರೆ ಕೆಟ್ಟದ್ದೂ ಆಗುತ್ತೆ, ಅದನ್ನು ಮುಚ್ಚಿಡಲ್ಲ. 1902ರಲ್ಲಿ ಸೌತ್ ಕ್ಯಾರೊಲಿನಾ ಪಂದ್ಯ ಗೆದ್ದು, ಕ್ಲೆಮ್ಸನ್‌ನ ಹುಲಿಯ ಮೇಲೆ ತಮ್ಮ ಹುಂಜ ನಿಂತಿರುವ ಚಿತ್ರ ಮೆರವಣಿಗೆ ಮಾಡಿದ್ದಕ್ಕೆ ಕ್ಲೆಮ್ಸನ್ ಕೆಡೆಟ್‌ಗಳು ಬಯೊನೆಟ್ ಹಿಡಿದು ಹೊರಟಿದ್ದರು. ಆ ಜಗಳಕ್ಕೆ 1909ರವರೆಗೆ ಪಂದ್ಯವೇ ನಿಂತಿತ್ತು. ನಮ್ಮ ಕಾಲದಲ್ಲೇ ಅಲಬಾಮಾ ಅಭಿಮಾನಿ ಒಬ್ಬ ಆಬರ್ನ್‌ನ ಟೂಮರ್ಸ್ ಕಾರ್ನರ್‌ನ ಹಳೇ ಓಕ್ ಮರಗಳಿಗೆ ವಿಷ ಹಾಕಿದ. ಆದರೆ 1999ನ್ನೂ ನೆನಪು ಮಾಡಿಕೊಳ್ಳಿ. ಟೆಕ್ಸಾಸ್ ಪಂದ್ಯಕ್ಕೆ ಮೊದಲು ಎ ಆ್ಯಂಡ್ ಎಂ ವಿದ್ಯಾರ್ಥಿಗಳು ದೊಡ್ಡ ಸೌದೆ ಗೋಪುರ ಕಟ್ಟಿ ಬೆಂಕಿ ಹಚ್ಚುವ ಪದ್ಧತಿ ಇತ್ತು. ಆ ವರ್ಷ ನವೆಂಬರ್ 18ರ ನಸುಕಿನಲ್ಲಿ ಕಟ್ಟುತ್ತಿದ್ದಾಗಲೇ ಗೋಪುರ ಕುಸಿದು 12 ಜನ ಸತ್ತರು. ಎಂಟು ದಿನದ ಮೇಲೆ ಪಂದ್ಯ ನಡೆಯಿತು. ಮಧ್ಯಂತರದಲ್ಲಿ ಟೆಕ್ಸಾಸ್ ಬ್ಯಾಂಡಿನವರು ಶೋಕದ ರಾಗ ನುಡಿಸಿ, ತಮ್ಮ ಬಿಳಿ ಟೋಪಿ ತೆಗೆದು, ಮೌನವಾಗಿ ಮೈದಾನದಿಂದ ನಡೆದು ಹೋದರು. ಇಡೀ ಸ್ಟೇಡಿಯಂ ಎದ್ದು ನಿಂತಿತ್ತು. ಪ್ರತಿವರ್ಷ ಎದುರು ನಿಂತು ಆಡಿದವರಿಗೆ ಮಾತ್ರ ಇನ್ನೊಬ್ಬರ ನೋವು ಅಷ್ಟು ಹತ್ತಿರದಿಂದ ಗೊತ್ತಾಗುತ್ತೆ.

ಕಾನೂನು ಮಾಡಿ ಆಡಿಸಬಹುದಾ? ಪ್ರಯತ್ನ ಆಗಿದೆ. 1952ರಲ್ಲಿ ಕ್ಲೆಮ್ಸನ್ ಮೇಲೆ ಅವರ ಕಾನ್ಫರೆನ್ಸ್ ನಿರ್ಬಂಧ ಹಾಕಿದಾಗ ಸೌತ್ ಕ್ಯಾರೊಲಿನಾದ ಶಾಸನಸಭೆಯೇ ಮಧ್ಯೆ ಬಂದು ಪಂದ್ಯ ಆಡಿಸಿತು. 2013ರಲ್ಲಿ ಟೆಕ್ಸಾಸ್‌ನ ಒಬ್ಬ ಶಾಸಕರು ಎರಡೂ ಕಾಲೇಜು ಪ್ರತಿವರ್ಷ ಆಡಲೇಬೇಕು ಅಂತ ಮಸೂದೆ ತಂದರು, ಅದು ಪಾಸ್ ಆಗಲಿಲ್ಲ. ನನಗೆ ಕಾನೂನಿನ ದಾರಿ ಇಷ್ಟ ಇಲ್ಲ. ಆದರೆ ನಾರ್ಮನ್ ಮತ್ತು ಸ್ಟಿಲ್‌ವಾಟರ್ ಎರಡಕ್ಕೂ ರೀಜೆಂಟ್ಸ್ ಅನ್ನುವ ಆಡಳಿತ ಮಂಡಳಿ ಇದೆ. ಅದರ ಹೆಚ್ಚಿನ ಸದಸ್ಯರನ್ನು ನೇಮಿಸುವುದು ಒಕ್ಲಹೋಮದ ಗವರ್ನರ್. ಆ ಮಂಡಳಿಗಳು ಮನಸ್ಸು ಮಾಡಿದರೆ ಎರಡು ಕಾಲೇಜಿನ ಕ್ರೀಡಾ ನಿರ್ದೇಶಕರನ್ನು ಒಂದು ಕೋಣೆಯಲ್ಲಿ ಕೂರಿಸುವುದು ಕಷ್ಟ ಅಲ್ಲ. ಪಂದ್ಯ ಸೆಪ್ಟೆಂಬರ್‌ನಲ್ಲಿ ಇರಲಿ, ಅಯೋವಾದವರ ಹಾಗೆ. ಬೇರೆ ಊರಿನ ಬಾಡಿಗೆ ಸ್ಟೇಡಿಯಂನಲ್ಲಿ ಬೇಡ, ಕ್ಯಾಂಪಸ್‌ನಲ್ಲೇ ಇರಲಿ, ವಿದ್ಯಾರ್ಥಿಗಳು ನಡೆದುಕೊಂಡು ಬರುವ ಹಾಗೆ.

ಈಗ ನಿಮ್ಮ ಕೊನೇ ಪ್ರಶ್ನೆ. ಮಗ ಓದು ಮುಗಿಸುವುದರೊಳಗೆ ಶುರುವಾಗುತ್ತಾ? ಸುಳ್ಳು ಭರವಸೆ ಕೊಡಲ್ಲ, ಕಷ್ಟ. ಕಾನ್ಫರೆನ್ಸ್ ಹೊರಗಿನ ಪಂದ್ಯಗಳಿಗೆ ಹಲವು ವರ್ಷ ಮೊದಲೇ ಒಪ್ಪಂದ ಆಗಿರುತ್ತೆ. ಬಿಟ್ಟರೆ ದಂಡ ಕಟ್ಟಬೇಕು. ಇವತ್ತು ಇಬ್ಬರೂ ಕೈ ಕುಲುಕಿದರೂ ಮೈದಾನಕ್ಕೆ ಬರುವಷ್ಟರಲ್ಲಿ ವರ್ಷಗಳು ಹಿಡಿಯುತ್ತವೆ. ಆದರೆ ಬೆಡ್ಲಮ್ ಅಂದರೆ ಫುಟ್‌ಬಾಲ್ ಒಂದೇ ಅಲ್ಲ, ಆ ಹೆಸರು ಬಂದಿದ್ದೇ ಕುಸ್ತಿ ಪಂದ್ಯದ ಗದ್ದಲದಿಂದ ಅಂತ ಹೇಳುತ್ತಾರೆ. ಎರಡೂ ಕಾಲೇಜು ಬೇರೆ ಆಟಗಳಲ್ಲಿ ಈಗಲೂ ಎದುರಾಗುತ್ತವೆ. ಬೇರೆಯಾದ ಮೇಲೂ, 2024ರ ಡಿಸೆಂಬರ್‌ನಲ್ಲಿ, ಒಕ್ಲಹೋಮ ಸಿಟಿಯಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿದರು. ಅಂಥದೊಂದು ಪಂದ್ಯದ ದಿನ ನೋಡಿ, ನಾಲ್ಕು ಟಿಕೆಟ್ ತೆಗೆದು, ಅಕ್ಕ ತಮ್ಮ ಇಬ್ಬರನ್ನೂ ಅವರವರ ಬಣ್ಣದ ಅಂಗಿಯಲ್ಲಿ ಪಕ್ಕಪಕ್ಕ ಕೂರಿಸಿ. ನೀವು ಯಾವ ಬಣ್ಣ ಹಾಕ್ತೀರಿ ಅನ್ನುವುದನ್ನು ಮನೆಯವರ ಜತೆ ಮಾತಾಡಿ ಮೊದಲೇ ತೀರ್ಮಾನ ಮಾಡಿಕೊಳ್ಳಿ, ಕೆಂಪು ಕಿತ್ತಳೆ ಎರಡರಲ್ಲೂ ಇರುವ ಬಣ್ಣ ಅಂತ ಅಲ್ಲಿ ಯಾವುದೂ ಇಲ್ಲ.